ಕೃಷ್ಣೆಯ ದಂಡೆಯಲ್ಲಿ ಹಾಡುವ ನಟರು

ಪಾರಿಜಾತದ ಹೂವು ತನಗೆ ಸಿಗದೆ ರುಕ್ಮಿಣಿಯ ಮುಡಿ ಸೇರಿತೆಂದು ಸತ್ಯಭಾಮೆ ಮುನಿಸಿಕೊಂಡ ಕತೆಯನ್ನು ಕೃಷ್ಣಾ ಕೊಳ್ಳದ ಜನ ಎರಡು ಭಾಷೆಯಲ್ಲಿ ಹಾಡಿ ಕುಣಿದಿದ್ದಾರೆ. ನದಿಯ ಮೇಲ್ಭಾಗದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಅದು 'ಶ್ರೀಕೃಷ್ಣ ಪಾರಿಜಾತ'. ಅಪರಾಳ ತಮ್ಮಣ್ಣ ಬರೆದು ಕುಲಗೋಡ ತಮ್ಮಣ್ಣ ಊರೂರಿಗೆ ಒಯ್ದ ಬಯಲಾಟ. ನದಿ ಸಮುದ್ರ ಸೇರುವ ಮುನ್ನ ಹರಡಿಕೊಳ್ಳುವ ತೆಲುಗು ನೆಲದಲ್ಲಿ ಅದೇ ಕತೆ ಸಿದ್ಧೇಂದ್ರ ಯೋಗಿಯ 'ಭಾಮಾಕಲಾಪಂ' ಆಗಿ ಕೂಚಿಪೂಡಿಯ ಭಾಗವತರ ಮನೆತನಗಳಲ್ಲಿ ಬೆಳೆಯಿತು. ಎರಡರಲ್ಲೂ ಸತ್ಯಭಾಮೆ ತಾನು ಯಾರೆಂದು ಹಾಡಿಯೇ ಹೇಳಿಕೊಳ್ಳುತ್ತಾಳೆ, ಹಾಡಿಯೇ ಜಗಳವಾಡುತ್ತಾಳೆ, ಹಾಡಿಯೇ ಸೋಲುತ್ತಾಳೆ.

ಈ ಎರಡು ಸತ್ಯಭಾಮೆಯರ ನಡುವಿನ ಹಾದಿಯಲ್ಲಿದೆ ಕೃಷ್ಣಾ ಎಂಬ ಊರು. ರಾಯಚೂರಿನಿಂದ ರೈಲು ಹತ್ತಿ ನದಿ ದಾಟಿದರೆ ಸಿಗುವ ಸ್ಟೇಷನ್ನು. ಭೀಮೆ ಬಂದು ಕೃಷ್ಣೆಯನ್ನು ಸೇರುವ ಸಂಗಮ ಇಲ್ಲಿಗೆ ಸಮೀಪ. ಆಡಳಿತದ ಲೆಕ್ಕದಲ್ಲಿ ಇದು ತೆಲಂಗಾಣದ ನಾರಾಯಣಪೇಟ ಜಿಲ್ಲೆ. ಮನೆಯ ಮಾತು, ಹೊಲದ ಮಾತು, ಅನೇಕ ಶಾಲೆಗಳ ಪಾಠ ಇನ್ನೂ ಕನ್ನಡ. ಪಕ್ಕದ ಮಕ್ತಲ್, ಮಾಗನೂರು, ಕೆಳಗಿನ ಗದ್ವಾಲ, ಎಲ್ಲ ಕಡೆಯೂ ಕನ್ನಡ ತೆಲುಗು ಎರಡನ್ನೂ ಬಲ್ಲವರೇ ಹೆಚ್ಚು; ಹಿರಿಯರಲ್ಲಿ ಉರ್ದುವೂ ಸಲೀಸು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳಂತೂ 1956ರ ರಾಜ್ಯ ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲೇ ಇದ್ದವು.

ಸಂಗೀತ ನಾಟಕದಲ್ಲಿ ಹೊಸತು ಎಂಬುದು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಕೂತು ಕೇಳಿದರೆ ಬರುವ ಉತ್ತರಗಳು ಬೇರೆ. ಅಲ್ಲಿ ನಾಟಕಕಾರರ ಹೆಸರು, ನಿರ್ದೇಶಕರ ಹೆಸರು, ಅಕಾಡೆಮಿಗಳ ಹೆಸರು ಮುಂದೆ ಬರುತ್ತವೆ. ಕೃಷ್ಣಾದಂಥ ಊರಿನ ಕಟ್ಟೆಯ ಮೇಲೆ ಕೂತು ನೋಡಿದರೆ ಕಾಣುವುದು ಬೇರೆ: ಒಂದು ಭಾಷೆಯ ಹಾಡಿನ ಮಟ್ಟು ಇನ್ನೊಂದು ಭಾಷೆಯ ನಟನ ಗಂಟಲಿಗೆ ಇಳಿದಾಗಲೆಲ್ಲ ನಮ್ಮ ರಂಗಭೂಮಿ ಹೊಸತಾಗಿದೆ. ಆ ಗಂಟಲು ನಟನದೇ ಆಗಿರುವವರೆಗೆ ಎಂಥ ಬದಲಾವಣೆಯನ್ನೂ ಅದು ತಾಳಿಕೊಂಡಿದೆ. ಗಂಟಲು ಬೇರೆ, ಮುಖ ಬೇರೆ ಆದಾಗಲೇ ಅದು ಸೊರಗಿದ್ದು. ಇಲ್ಲಿ ಹೇಳಹೊರಟಿರುವುದು ಇಷ್ಟನ್ನೇ. ಆದರೆ ಅದಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ಕತೆಯನ್ನು ಸುತ್ತಿ ಬರಬೇಕು.

ಮೊದಲಿಗೆ ಆಟ. ರಾಯಚೂರು, ಬಳ್ಳಾರಿ, ಕೊಪ್ಪಳದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ ರಾತ್ರಿಯಿಡೀ ಆಡುತ್ತಿದ್ದ ದೊಡ್ಡಾಟದಲ್ಲಿ ಭಾಗವತ ಪದ ಎತ್ತಿಕೊಡುತ್ತಾನೆ, ಹಿಮ್ಮೇಳ ಹಿಡಿಯುತ್ತದೆ, ವೇಷಧಾರಿ ಕುಣಿಯುತ್ತಾನೆ, ಸಾರಥಿ ಬಂದು ಯಾವ ಊರ ದೊರೆಯೆಂದು ಕೇಳುತ್ತಾನೆ. ಕಿರೀಟ, ಭುಜಕೀರ್ತಿ, ಎದೆಹಾರಗಳ ಭಾರದಲ್ಲಿ ನಟನ ಉಸಿರು ಕುಣಿತಕ್ಕೇ ಮುಗಿಯುತ್ತದೆ. ಆದ್ದರಿಂದ ಪದದ ಹೊರೆ ಹೆಚ್ಚಾಗಿ ಭಾಗವತನದು. ಸಣ್ಣಾಟ ಈ ಹೊರೆಯನ್ನು ಇಳಿಸಿತು. ದೇವರು ರಾಕ್ಷಸರು ಹೋಗಿ ಊರಿನವರೇ ಪಾತ್ರವಾದರು, ಕಿರೀಟದ ಜಾಗಕ್ಕೆ ರುಮಾಲು ಬಂತು. ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಒಂದು ಕೊಲೆಯ ಸುತ್ತ ಹೆಣೆದ ಪತ್ತಾರ ಮಾಸ್ತರರ 'ಸಂಗ್ಯಾ ಬಾಳ್ಯಾ'ದಲ್ಲಿ ಗೆಳೆಯನೂ, ಗೆಳೆಯನಿಗೆ ದ್ರೋಹ ಬಗೆಯುವವನೂ, ಅವರ ನಡುವಿನ ಗಂಗಿಯೂ ತಮ್ಮ ಪದವನ್ನು ತಾವೇ ಹಾಡುತ್ತಾರೆ. ದಪ್ಪು, ತಾಳ, ಹಿಂದೆ ನಿಂತು ಏರುದನಿಯಲ್ಲಿ ಸೊಲ್ಲು ಹಿಡಿಯುವ ಇಬ್ಬರು ಮೂವರು ಇದ್ದರೆ ಸಾಕು. ನನ್ನ ಲೆಕ್ಕದಲ್ಲಿ ಕನ್ನಡ ಸಂಗೀತ ನಾಟಕದ ಮೊದಲ ದೊಡ್ಡ ಹೊಸತನ ಇದೇ. ಹಾಡು ಕತೆ ಹೇಳುವವನ ಬಾಯಿಂದ ಕತೆ ಅನುಭವಿಸುವವನ ಬಾಯಿಗೆ ದಾಟಿತು. ಇದನ್ನು ಮಾಡಿದವರಿಗೆ ನಾಟಕಶಾಸ್ತ್ರದ ಪುಸ್ತಕ ಯಾವುದೂ ಗೊತ್ತಿರಲಿಲ್ಲ.

ಪಾರಿಜಾತದಲ್ಲಿ ಈ ಬದಲಾವಣೆ ಇನ್ನಷ್ಟು ನಾಜೂಕಾಯಿತು. ಪದ ಮುಗಿಯುವ ಮೊದಲೇ ಮಾತು ಶುರುವಾಗುತ್ತದೆ, ಮಾತು ಬಿಸಿಯಾದಾಗ ಮತ್ತೆ ಪದವಾಗುತ್ತದೆ; ಎಲ್ಲಿ ಹಾಡು ನಿಂತಿತು ಎಂದು ಗೆರೆ ಹಾಕುವುದು ಕಷ್ಟ. ಹಿಂದೂಸ್ತಾನಿಯ ರಾಗ, ಲಾವಣಿಯ ಪಟ್ಟು, ಬೀಸುಕಲ್ಲಿನ ಪದದ ಎಳೆ ಒಂದೇ ರಾತ್ರಿಯಲ್ಲಿ ಬಂದುಹೋಗುತ್ತವೆ. ಕೌಜಲಗಿ ನಿಂಗಮ್ಮ ಮೇಳ ಕಟ್ಟಿಕೊಂಡು ಈ ಆಟವನ್ನು ಉತ್ತರ ಕರ್ನಾಟಕದ ಮನೆಮಾತು ಮಾಡಿದರು. ಹೆಣ್ಣು ರಂಗಕ್ಕೆ ಬಂದಾಗ ಆಟದ ಸಂಗೀತವೂ ಬದಲಾಗುತ್ತದೆ: ಶ್ರುತಿ ಏರುತ್ತದೆ, ಅಳಲಿಗೆ ಬೇರೆ ಬಣ್ಣ ಬರುತ್ತದೆ, ಜಗಳಕ್ಕೆ ಬೇರೆ ಮೊನಚು. ಕೆಳದಂಡೆಯ ಕೂಚಿಪೂಡಿ ಇದಕ್ಕೆ ತಿರುಗಾ ಹಾದಿ ಹಿಡಿಯಿತು. ಅಲ್ಲಿ ವೇದಾಂತಂ ಸತ್ಯನಾರಾಯಣ ಶರ್ಮರಂಥ ಗಂಡಸರೇ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಸತ್ಯಭಾಮೆಯಾದರು, ಹೆಣ್ಣಿನ ನಡೆಯನ್ನು ಕಲೆಯ ತುತ್ತತುದಿಗೆ ಒಯ್ದರು. ಒಂದೇ ಕತೆ, ಒಂದೇ ನದಿ, ಎರಡು ಪರಿಹಾರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಕಡಿಮೆ, ನೋಡಬೇಕು.

ಇನ್ನು ಕಂಪನಿ ನಾಟಕದ ಹುಟ್ಟು. ಇದನ್ನು ನಾವು ಮರಾಠಿಯ ಕೊಡುಗೆ ಎಂದೋ ಪಾರ್ಸಿಯ ಕೊಡುಗೆ ಎಂದೋ ಹೇಳಿ ಮುಗಿಸುತ್ತೇವೆ. ನಡೆದದ್ದು ಒಂದು ಸುತ್ತು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ 1842ರ ಸುಮಾರಿಗೆ ಸಾಂಗ್ಲಿಯ ಪಟವರ್ಧನ ದೊರೆಯ ಮುಂದೆ ಆಟ ಆಡಿತು. ಅದನ್ನು ನೋಡಿದ ದೊರೆ ಮರಾಠಿಯಲ್ಲೂ ಇಂಥದು ಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟುದಿನವನ್ನು ಎಣಿಸುವುದೇ ಅಲ್ಲಿಂದ. ಮುಂದೆ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ಆಡಿಸಿದರು. ಅಲ್ಲಿಯವರೆಗೆ ಸೂತ್ರಧಾರನೇ ಎಲ್ಲರ ಪದ ಹಾಡುತ್ತಿದ್ದ. ಕಿರ್ಲೋಸ್ಕರರು ಹಾಡನ್ನು ಪಾತ್ರಗಳ ಬಾಯಿಗೆ ಕೊಟ್ಟರು. ಕನ್ನಡದ ಮಟ್ಟುಗಳು ಅವರಿಗೆ ಕಿವಿಯಲ್ಲೇ ಇದ್ದವು, ಮರಾಠಿ ನಾಟ್ಯಸಂಗೀತದ ಮೊದಲ ಹಂತದಲ್ಲಿ ಅವು ಧಾರಾಳವಾಗಿ ಸೇರಿಕೊಂಡವು.

ಅದೇ ಮರಾಠಿ ನಾಟಕ ಧಾರವಾಡ, ಗದಗು, ಹುಬ್ಬಳ್ಳಿಗೆ ಬಂದು ಕನ್ನಡಿಗರನ್ನು ಮರುಳು ಮಾಡಿತು. ಕನ್ನಡ ನೆಲದಲ್ಲಿ ಕನ್ನಡ ನಾಟಕವೇ ಇಲ್ಲದಂತಾಯಿತಲ್ಲ ಎಂಬ ಸಂಕಟದಲ್ಲಿ ಸಕ್ಕರಿ ಬಾಳಾಚಾರ್ಯರು, ಅಂದರೆ ನಮ್ಮ ಶಾಂತಕವಿಗಳು, ಗದುಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ 'ಉಷಾಹರಣ' ಆಡಿಸಿದರು. ಅತ್ತ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದ ನಾಟಕ ಸಭಾ ಬಸವಪ್ಪ ಶಾಸ್ತ್ರಿಗಳ 'ಶಾಕುಂತಲ'ವನ್ನು ಕರ್ನಾಟಕ ಸಂಗೀತದಲ್ಲಿ ಹಾಡುತ್ತಿತ್ತು. ಎರಡು ಕನ್ನಡಗಳಿಗೂ ಎರಡು ಸಂಗೀತ. ಈ ಬಿರುಕು ಇವತ್ತಿಗೂ ಹಾಗೇ ಉಳಿದಿದೆ. ತುಂಗಭದ್ರೆಯ ಆಚೆಗಿನ ಕಂಪನಿ ಹಾಡಿಗೂ ಈಚೆಗಿನ ಕಂಪನಿ ಹಾಡಿಗೂ ಎರಡು ಸೊಲ್ಲು ಕೇಳಿದರೆ ಸಾಕು, ಗುರುತು ಹತ್ತುತ್ತದೆ.

ಸುತ್ತು ಅಲ್ಲಿಗೇ ನಿಲ್ಲಲಿಲ್ಲ. 1880ರ ಸುಮಾರಿಗೆ ಧಾರವಾಡದ ಒಂದು ನಾಟಕ ಮಂಡಳಿ ಗೋದಾವರಿ ತೀರದ ರಾಜಮಂಡ್ರಿಯವರೆಗೆ ಹೋಗಿ ಆಡಿತು. ಅದನ್ನು ಕಂಡು ಕಂದುಕೂರಿ ವೀರೇಶಲಿಂಗಂ ತಮ್ಮ ವಿದ್ಯಾರ್ಥಿಗಳನ್ನು ಕೂಡಿಸಿ ತೆಲುಗು ನಾಟಕ ಆಡಿಸಲು ಹೊರಟರೆಂದು ತೆಲುಗು ರಂಗಭೂಮಿಯ ಚರಿತ್ರೆಕಾರರು ಬರೆಯುತ್ತಾರೆ. ಬಳ್ಳಾರಿಯಲ್ಲಿ ವಕೀಲ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭಾ ಕಟ್ಟಿ 1887ರಲ್ಲಿ 'ಚಿತ್ರನಳೀಯಂ' ಆಡಿಸಿ, ಪದ್ಯಕ್ಕೆ ರಾಗವನ್ನೂ ನಾಟಕಕ್ಕೆ ಹಾಡನ್ನೂ ಕೂಡಿಸಿದರು. ಆಂಧ್ರ ನಾಟಕ ಪಿತಾಮಹ ಎಂದು ತೆಲುಗರು ಗೌರವಿಸುವ ಮನುಷ್ಯ ಕೆಲಸ ಮಾಡಿದ್ದು ಕನ್ನಡ ತೆಲುಗು ಎರಡೂ ಬೀದಿಯಲ್ಲಿ ಓಡಾಡುವ ಬಳ್ಳಾರಿಯಲ್ಲಿ. ಅವರ ಸೋದರಳಿಯ ಬಳ್ಳಾರಿ ರಾಘವ ತೆಲುಗು, ಕನ್ನಡ, ಇಂಗ್ಲಿಷು ಮೂರರಲ್ಲೂ ಪಾತ್ರ ಮಾಡಿದರು. ಹೀಗೆ ಕರ್ಕಿಯಿಂದ ಸಾಂಗ್ಲಿ, ಸಾಂಗ್ಲಿಯಿಂದ ಧಾರವಾಡ, ಧಾರವಾಡದಿಂದ ರಾಜಮಂಡ್ರಿಯವರೆಗೆ ಒಂದೇ ಕಿಡಿ ನಲವತ್ತು ವರ್ಷದಲ್ಲಿ ಮೂರು ಭಾಷೆ ದಾಟಿತು. ಕೊಟ್ಟವರು ಯಾರು, ಪಡೆದವರು ಯಾರು ಎಂಬ ಲೆಕ್ಕ ಇಡಲು ಹೋದರೆ ಎಲ್ಲರೂ ಸಾಲಗಾರರೇ.

ಇದಕ್ಕೆಲ್ಲ ರೈಲಿನ ಬೆನ್ನೆಲುಬು ಇತ್ತು. ಮುಂಬಯಿ ಕಡೆಯಿಂದ ಬಂದ ಹಳಿ, ಮದ್ರಾಸಿನ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಕೃಷ್ಣಾ ಊರು ಆ ಹಳಿಯ ಮೇಲೇ ಇದೆ. ಪರದೆ, ಪೆಟ್ಟಿಗೆ, ನಟರು, ಅಡುಗೆಯವರು ಸಮೇತ ಕಂಪನಿಯೊಂದು ಮೊಕ್ಕಾಂ ಬದಲಿಸಬೇಕಾದರೆ ಎತ್ತಿನ ಗಾಡಿಯಲ್ಲಿ ಆಗದ ಮಾತು. ರೈಲು ಮುಟ್ಟಿದ ಊರಿಗೆ ನಾಟಕ ಮುಟ್ಟಿತು. ಅಲ್ಲಿಂದ ಒಳಗಿನ ಹಳ್ಳಿಗೆ ಹಾಡು ಮಾತ್ರ ನಡೆದುಹೋಯಿತು. ಒಬ್ಬ ಹುಡುಗ ರಾಯಚೂರಿನಲ್ಲಿ ನಾಟಕ ನೋಡಿ ಬಂದರೆ ಮರುದಿನದಿಂದ ಹೊಲದಲ್ಲಿ ಅದೇ ಮಟ್ಟು.

ಕೆಳದಂಡೆಯ ಗದ್ವಾಲದ ಕೊಡುಗೆ ಬೇರೆ ರೀತಿಯದು. ಪಂಡಿತರನ್ನು ಮೆಚ್ಚಿ ಮನ್ನಿಸುವ ಸಂಸ್ಥಾನವೆಂದು ಅದಕ್ಕೆ 'ವಿದ್ವದ್ಗದ್ವಾಲ' ಎಂಬ ಹೆಸರೇ ಇತ್ತು. ಅವಧಾನಗಳಿಗಾಗಿ ಆ ಆಸ್ಥಾನಕ್ಕೆ ಬಂದುಹೋದ ತಿರುಪತಿ ವೆಂಕಟ ಕವಿಗಳ ಪಾಂಡವ ನಾಟಕಗಳು ತೆಲುಗು ಪದ್ಯನಾಟಕದ ಬೆನ್ನುಮೂಳೆಯಾದವು. ಅವುಗಳಲ್ಲಿನ ಕೃಷ್ಣ ರಾಯಭಾರದ ಪದ್ಯಗಳನ್ನು ತೆಲುಗು ಹಳ್ಳಿಗಳಲ್ಲಿ ಅಕ್ಷರ ಬಾರದವರೂ ಬಾಯಿಪಾಠ ಒಪ್ಪಿಸುತ್ತಿದ್ದರು. ಪದ್ಯದ ಕೊನೆಯಲ್ಲಿ ರಾಗವನ್ನು ಎಳೆದು ಎಳೆದು ನಿಲ್ಲಿಸುವಾಗ ಜನ 'ಒನ್ಸ್‌ಮೋರ್' ಕೂಗುವುದು, ನಟ ಕತೆಯನ್ನು ಅಲ್ಲೇ ಬಿಟ್ಟು ಅದೇ ಪದ್ಯವನ್ನು ಮತ್ತೆ ಹಾಡುವುದು. ಇದು ನಾಟಕಕ್ಕೆ ಅಡ್ಡಿ ಎಂದು ಬರೆದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕೃಷ್ಣ ಸಂಧಿಗೆ ಬಂದದ್ದು, ಅದು ಮುರಿಯುವುದು ಎಲ್ಲ ಜನಕ್ಕೆ ಗೊತ್ತು. ಅವರು ಬಂದದ್ದು ಈ ಗಂಟಲು ಆ ಮುರಿದ ಸಂಧಿಯನ್ನು ಹೇಗೆ ಹೇಳುತ್ತದೆ ಎಂದು ಕೇಳಲು.

ಈಗ ಪೇಟಿಯ ಮಾತು. ಉತ್ತರ ಕರ್ನಾಟಕದಲ್ಲಿ ಹಾರ್ಮೋನಿಯಂ ಅನ್ನು ಹಾಗೆಂದು ಕರೆಯುವವರು ಕಡಿಮೆ. ಅದು ಪೇಟಿ, ಬಾರಿಸುವವರು ಪೇಟಿ ಮಾಸ್ತರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪ್ಯಾರಿಸಿನಲ್ಲಿ ರೂಪುಗೊಂಡು, ಕಲ್ಕತ್ತೆಯಲ್ಲಿ ಕೈಯಿಂದ ತಿದಿ ಒತ್ತುವಂತೆ ಮಾರ್ಪಾಟಾಗಿ ಬಂದ ಈ ವಾದ್ಯ ನಮ್ಮ ಸಂಗೀತ ನಾಟಕವನ್ನು ಬದಲಿಸಿದಷ್ಟು ಬೇರಾವ ಉಪಕರಣವೂ ಬದಲಿಸಲಿಲ್ಲ. ಗಮಕ ನುಡಿಸಲು ಬಾರದ, ಸ್ವರಗಳ ನಡುವೆ ಜಾರಲಾರದ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರವರೆಗೆ ಆ ನಿಷೇಧ ಇತ್ತು. ಆ ಮೂವತ್ತು ವರ್ಷವೂ ಹಳ್ಳಿಯ ನಾಟಕ ಪೇಟಿಯ ಮೇಲೆಯೇ ನಿಂತಿತ್ತು.

ಪೇಟಿ ಮಾಸ್ತರು ರಂಗದ ಮುಂದೆ ಬದಿಗೆ, ನಟನ ಕಣ್ಣಿಗೆ ಬೀಳುವಂತೆ ಕೂರುತ್ತಾರೆ. ನಟ ಒಳಗಿನಿಂದ ಬರುವ ಮುನ್ನ ಒಂದು ಸ್ವರ ಹಿಡಿದಿಟ್ಟರೆ ಅದೇ ಅವನಿಗೆ ಬಾಗಿಲು. ಮೈಕು ಇಲ್ಲದ ಕಾಲದಲ್ಲಿ ಶ್ರುತಿ ಕಪ್ಪು ನಾಲ್ಕಕ್ಕೋ ಐದಕ್ಕೋ ಏರಿರುತ್ತಿತ್ತು. ಇಲ್ಲದಿದ್ದರೆ ಕೊನೆಯ ಸಾಲಿನ ಚಾಪೆಯವರಿಗೆ ಸೊಲ್ಲು ಮುಟ್ಟುವುದಿಲ್ಲ. ಗಂಟಲು ಸೋತ ನಟನಿಗೆ ಮೇಲಿನ ಷಡ್ಜ ಮುಟ್ಟಲಾಗದು ಎಂದು ಗೊತ್ತಾದ ಕೂಡಲೇ ಮಾಸ್ತರು ಆ ಸ್ವರವನ್ನು ತಾವೇ ಜೋರಾಗಿ ಒತ್ತಿ ಅವನ ಮಾನ ಕಾಯುತ್ತಾರೆ. ಮಾತು ಮರೆತವನಿಗೆ ನಾಲ್ಕು ಸ್ವರ ಸುತ್ತಿಸಿ ವೇಳೆ ಕೊಡುತ್ತಾರೆ. ಎದುರು ಪಾತ್ರದವಳು ಬರುವುದು ತಡವಾದರೆ ಅದೇ ರಾಗದಲ್ಲಿ ಇನ್ನೊಂದು ಆವರ್ತ. ಒಬ್ಬ ಪೇಟಿ ಮಾಸ್ತರು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಮಟ್ಟುಗಳಿಗೆ ಭಾಷೆಯ ಗಡಿ ಇಲ್ಲ. ನಾಟಕದ ಪುಸ್ತಕದಲ್ಲಿ ಪ್ರತಿ ಹಾಡಿನ ಮೇಲೆ 'ಧಾಟಿ' ಎಂದು ಬರೆದು ಯಾವುದೋ ಬೇರೆ ಹಾಡಿನ ಮೊದಲ ಸೊಲ್ಲು ಕೊಟ್ಟಿರುತ್ತಾರೆ. ಅದು ಮರಾಠಿ ನಾಟ್ಯಪದ ಇರಬಹುದು, ಹಿಂದಿ ಸಿನಿಮಾ ಹಾಡು ಇರಬಹುದು, ದಾಸರ ಪದ ಇರಬಹುದು. ಸ್ವರಲಿಪಿ ಬೇಕಾಗಿಲ್ಲ. ಮಾಸ್ತರ ನೆನಪೇ ಗ್ರಂಥಾಲಯ. ಅವರು ತೀರಿಕೊಂಡರೆ ಆ ಪುಸ್ತಕದ ಅರ್ಧ ನಾಟಕ ಮೂಕವಾಗುತ್ತದೆ, ಏಕೆಂದರೆ ಆ ಧಾಟಿ ಯಾವುದೆಂದು ಹೇಳುವವರಿಲ್ಲ. ಹೀಗೆ ಮೂಕವಾದ ನಾಟಕಗಳ ಪುಸ್ತಕಗಳು ಹಳೆಯ ಪುಸ್ತಕದಂಗಡಿಗಳಲ್ಲಿ ಸಿಗುತ್ತವೆ. ಮಾತು ಓದಬಹುದು, ಹಾಡು ಕೇಳಿಸದು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ರಂಗಭೂಮಿ ಏನು ಕೊಟ್ಟಿತು ಎಂಬುದನ್ನು ಹೇಳಲು ಎರಡು ಹೆಸರು ಸಾಕು. ಮಲ್ಲಿಕಾರ್ಜುನ ಮನ್ಸೂರರು ಬಾಲನಟರಾಗಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡುತ್ತಿದ್ದಾಗಲೇ ನೀಲಕಂಠ ಬುವಾ ಅವರನ್ನು ಗುರುತಿಸಿ ಶಿಷ್ಯನಾಗಿ ಒಯ್ದದ್ದು. ಬಸವರಾಜ ರಾಜಗುರುಗಳೂ ಅದೇ ಕಂಪನಿಯ ಬಾಲನಟ. ಅವರ ಗಂಟಲು ಪಂಚಾಕ್ಷರ ಗವಾಯಿಗಳ ಕಿವಿಗೆ ಬಿದ್ದದ್ದು ನಾಟಕದಲ್ಲಿ. ಹಿಂದೂಸ್ತಾನಿ ಸಂಗೀತದ ಈ ಇಬ್ಬರು ದಿಗ್ಗಜರ ಮೊದಲ ಪಾಠಶಾಲೆ ನಾಟಕದ ಪರದೆಯ ಹಿಂದೆ ಇತ್ತು. ಗವಾಯಿಗಳ ಗದುಗಿನ ಆಶ್ರಮ ಈ ನಂಟನ್ನು ಇನ್ನೂ ಮುಂದೆ ಒಯ್ದಿತು. ಅಂಧರೂ ಅನಾಥರೂ ಆದ ಮಕ್ಕಳಿಗೆ ಸಂಗೀತವನ್ನೂ ಅನ್ನವನ್ನೂ ಕೊಡಲು ಅಲ್ಲಿ ನಾಟ್ಯಸಂಘವೇ ಹುಟ್ಟಿಕೊಂಡಿತು. ಪುಟ್ಟರಾಜ ಗವಾಯಿಗಳು ನಾಟಕ ಬರೆದರು, ಹಾಡು ಕಟ್ಟಿದರು, ಊರೂರು ತಿರುಗಿದರು. ಕಣ್ಣಿಲ್ಲದ ಹುಡುಗ ಪೇಟಿ, ತಬಲಾ, ಸಾರಂಗಿ ಕಲಿತು ಕಂಪನಿಯಲ್ಲಿ ದುಡಿಯುವುದು, ಆ ದುಡಿಮೆಯಲ್ಲಿ ಇನ್ನೊಬ್ಬ ಹುಡುಗ ಕಲಿಯುವುದು. ರಂಗಭೂಮಿಯ ಹೊಸತನದ ಚರ್ಚೆಯಲ್ಲಿ ಇಂಥ ಏರ್ಪಾಡುಗಳ ಹೆಸರು ಬರುವುದಿಲ್ಲ. ನಾಟಕದ ಆದಾಯವನ್ನು ವಿದ್ಯೆಗೆ ತಿರುಗಿಸಿದ ಈ ಬುದ್ಧಿಗೆ ಹೊಸ ಪ್ರಯೋಗಗಳಲ್ಲಿ ಮೊದಲ ಸಾಲಿನ ಜಾಗ ಸಲ್ಲಬೇಕು.

ಗರುಡ ಸದಾಶಿವರಾಯರ 'ಎಚ್ಚಮನಾಯಕ', ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ತಂದ ಆನೆ ಕುದುರೆ, ಏಣಗಿ ಬಾಳಪ್ಪನವರು ಅಭಿನಯಿಸಿದ ಬಸವಣ್ಣ, ಇವೆಲ್ಲ ಎಲ್ಲರಿಗೂ ಗೊತ್ತಿರುವ ಕತೆ. ಆದರೆ ರಾಯಚೂರು ಸೀಮೆಯ ಹಳ್ಳಿಯವರನ್ನು ಕೇಳಿದರೆ ಮೊದಲು ಬರುವ ಹೆಸರು ಕಂದಗಲ್ಲ ಹನುಮಂತರಾಯರದು. 1896ರಲ್ಲಿ ಇಳಕಲ್ಲಿನ ಹತ್ತಿರದ ಕಂದಗಲ್ಲದಲ್ಲಿ ಹುಟ್ಟಿದ ಅವರು ಬರೆದ 'ರಕ್ತರಾತ್ರಿ' ಆಡದ ಹಳ್ಳಿ ಈ ಭಾಗದಲ್ಲಿ ವಿರಳ. ಅವರ ಮಾತೇ ಅರ್ಧ ಸಂಗೀತ. ಪ್ರಾಸದ ಮೇಲೆ ಪ್ರಾಸ ಬಿದ್ದು ಉರುಳುವ ಆ ಗದ್ಯವನ್ನು ಉಸಿರು ಹಿಡಿದು ಒಂದೇ ಸಲಕ್ಕೆ ಮುಗಿಸಬೇಕು. ಅಲ್ಲಿಂದ ಹಾಡಿಗೆ ಏರುವುದು ಎರಡು ಮೆಟ್ಟಿಲು ಅಷ್ಟೇ. ಶಕುನಿ, ಅಶ್ವತ್ಥಾಮ, ದ್ರೌಪದಿ, ಯಾರ ಪಾತ್ರಕ್ಕೂ ಗಟ್ಟಿ ಗುಂಡಿಗೆ ಬೇಕು. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ಈ ನಾಟಕದ ದ್ರೌಪದಿಯಾಗಿ ಬಂದರೆ ಜನ ಚಾಪೆ ಹಿಡಿದು ಹರದಾರಿ ನಡೆದು ಬರುತ್ತಿದ್ದರು. ಮಾತಿನ ತುದಿಯಲ್ಲಿ ದನಿ ಒಡೆಯುವ ಹೊತ್ತಿಗೆ ಅದೇ ದನಿಯಲ್ಲಿ ಹಾಡು ಎತ್ತಿಕೊಳ್ಳುವ ಕಸುವು ಅವರದು. ಅವರ ಹಾಡನ್ನು ಬರಿ ಹಾಡಾಗಿ, ಮಾತಿಲ್ಲದೆ ಕೇಳಿದರೆ ಅರ್ಧವಷ್ಟೇ ಸಿಗುತ್ತದೆ. 2020ರಲ್ಲಿ ಅವರು ತೀರಿಕೊಂಡಾಗ ಬಳ್ಳಾರಿ ರಾಯಚೂರಿನ ಒಂದು ಇಡೀ ಪೀಳಿಗೆಯ ರಂಗಗೀತೆಗೆ ದನಿ ಹೋಯಿತು.

ಈ ಹಾಡಿನ ಭರಾಟೆಗೆ ವಿರೋಧ ಬಂದದ್ದು ಸಹಜ. ಕೈಲಾಸಂ, ಶ್ರೀರಂಗರು ಹಾಡನ್ನು ಹೊರಗಿಟ್ಟು ಮನೆಮಾತಿನ ನಾಟಕ ಬರೆದರು. ಅವರ ಸಿಟ್ಟಿಗೆ ಕಾರಣ ಇತ್ತು: ಸಾಯುವವನೂ ಎದ್ದು ಹಾಡಿ ಮತ್ತೆ ಸಾಯುವ ನಾಟಕಗಳಲ್ಲಿ ಬದುಕಿನ ಪ್ರಶ್ನೆಗೆ ಜಾಗ ಎಲ್ಲಿ? ಆದರೆ ಹಾಡನ್ನು ತೆಗೆದ ಮೇಲೆ ಆ ನಾಟಕ ಪೇಟೆಯ ಕಟ್ಟಡದ ಒಳಗೆ ಉಳಿಯಿತು, ಕೃಷ್ಣಾ ಮಾಗನೂರಿನ ಕಟ್ಟೆಗೆ ಬರಲಿಲ್ಲ. ಅದೇ ಕಾಲಕ್ಕೆ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರು ಸಮಾಜದ ಪ್ರಶ್ನೆಯನ್ನೂ ಸಂಗೀತವನ್ನೂ ಬಿಡದೆ 'ದೀನಬಂಧು ಕಬೀರ' ಬರೆದರು. ಆ ದಾರಿಯಲ್ಲಿ ಹೆಚ್ಚು ಮಂದಿ ನಡೆಯಲಿಲ್ಲ. ನಡೆದಿದ್ದರೆ ಈ ಭಾಗದ ರಂಗಭೂಮಿಯ ಹಣೆಬರಹ ಬೇರೆಯಾಗುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಸಿನಿಮಾ ಕೊಟ್ಟ ಏಟು ಇನ್ನೊಂದು ಬಗೆಯದು. 1934ರ 'ಸತಿ ಸುಲೋಚನ'ದಲ್ಲಿ ನಾಟಕದ ನಟರೇ ಹಾಡಿದರು. ಆಮೇಲೆ ಹಿನ್ನೆಲೆ ಗಾಯನ ಬಂತು. ಮುಖ ಒಬ್ಬರದು, ದನಿ ಇನ್ನೊಬ್ಬರದು. ಗುಬ್ಬಿ ಕಂಪನಿಯಲ್ಲಿ ಹಾಡಿ ಬೆಳೆದ ರಾಜಕುಮಾರರಿಗೇ ಬಹುಕಾಲ ಪಿ.ಬಿ. ಶ್ರೀನಿವಾಸ್ ಹಾಡಬೇಕಾಯಿತು. 1974ರ 'ಸಂಪತ್ತಿಗೆ ಸವಾಲ್'ನಿಂದ ಅವರು ತಮ್ಮ ಹಾಡನ್ನು ತಾವೇ ಹಾಡತೊಡಗಿದಾಗ ಜನ ಅದನ್ನು ಎದೆಗೆ ಹಚ್ಚಿಕೊಂಡರು. ಆ ಸಿನಿಮಾ ಪಿ.ಬಿ. ಧುತ್ತರಗಿಯವರ ನಾಟಕದಿಂದ ಬಂದದ್ದು ಎಂಬುದನ್ನು ನೆನೆದರೆ ಸಾಲ ತೀರಿದಂತೆ ಕಾಣುತ್ತದೆ. ಆದರೆ ಹಳ್ಳಿಯ ಹುಡುಗರ ಕಿವಿಗೆ ಅಷ್ಟರಲ್ಲಿ ಸ್ಟುಡಿಯೊದ ದನಿ ಹತ್ತಿತ್ತು. ಮುಂದಿನ ಓಣಿಯ ಈರಣ್ಣನ ಒರಟು ಗಂಟಲು ಆ ದನಿಯ ಮುಂದೆ ಸಣ್ಣದಾಗಿ ಕೇಳತೊಡಗಿತು.

ಎಪ್ಪತ್ತರ ದಶಕದ ಹೊಸ ಅಲೆಯ ಹೆಸರು ಬಿ.ವಿ. ಕಾರಂತ. ಅವರೂ ಹುಡುಗರಾಗಿ ಗುಬ್ಬಿ ಕಂಪನಿ ಸೇರಿದ್ದವರೇ. ಕಂಬಾರರ 'ಜೋಕುಮಾರಸ್ವಾಮಿ', ಕಾರ್ನಾಡರ 'ಹಯವದನ', ಜಡಭರತರ 'ಸತ್ತವರ ನೆರಳು' ಇವುಗಳಲ್ಲಿ ಅವರು ಮಾಡಿದ್ದೇನೆಂದರೆ ರಾಗದ ಪ್ರದರ್ಶನವನ್ನು ಬಿಡಿಸಿ ಹಾಡನ್ನು ಮತ್ತೆ ಮಾತಿನ ಬುಡಕ್ಕೆ ತಂದದ್ದು. ಮೇಳ ರಂಗದ ಮೇಲೇ ಕೂರುತ್ತದೆ, ನಟರೇ ಮೇಳವಾಗುತ್ತಾರೆ, ಕಲ್ಲು ಮರ ತಗಡುಗಳೂ ದನಿ ಕೊಡುತ್ತವೆ. 'ಸತ್ತವರ ನೆರಳು' ಮಠದೊಳಗಿನ ಅಧಿಕಾರದ ಕತೆ. ಅದಕ್ಕೆ ಕಾರಂತರು ಪುರಂದರದಾಸರ ಪದಗಳನ್ನು ಹೊಂದಿಸಿದಾಗ, ಭಜನೆಯಲ್ಲಿ ಕೇಳಿ ಕೇಳಿ ಸವೆದ ಸಾಲು ಮಠಕ್ಕೇ ಪ್ರಶ್ನೆಯಾಗಿ ತಿರುಗಿತು. ದಾಸರ ಪದ ಉಸಿರಾಡುವ ರಾಯಚೂರು–ಗದ್ವಾಲ ಸೀಮೆಗೆ ಇದಕ್ಕಿಂತ ಹತ್ತಿರದ ಪ್ರಯೋಗ ಇನ್ನೊಂದಿಲ್ಲ. ಅಮೆರಿಕದಲ್ಲಿ 1943ರ 'ಓಕ್ಲಹಾಮಾ!' ಸಂಗೀತ ನಾಟಕ ಬಂದಾಗ ಹಾಡು ಕತೆಯನ್ನು ನಿಲ್ಲಿಸದೆ ಮುಂದೆ ಒಯ್ಯುತ್ತದೆಂದು ಅಲ್ಲಿಯವರು ಹೊಸ ಯುಗ ಸಾರಿದರು. 2015ರ 'ಹ್ಯಾಮಿಲ್ಟನ್' ಬಹುಪಾಲು ಮಾತನ್ನೇ ರ‍್ಯಾಪಿನಲ್ಲೂ ಹಾಡಿನಲ್ಲೂ ಹೇಳಿಸಿತು. ಪಾರಿಜಾತ ನೋಡಿ ಬೆಳೆದವರಿಗೆ ಇವೆರಡೂ ಅಪರಿಚಿತವೆನಿಸುವುದಿಲ್ಲ.

ಅದೇ ಕಾಲದಲ್ಲಿ ಬೀದಿಯೂ ರಂಗವಾಯಿತು. ಇತ್ತ 1975ರಲ್ಲಿ ಹುಟ್ಟಿದ 'ಸಮುದಾಯ' ತಂಡದ ಜಾಥಾ, ಅತ್ತ ತೆಲಂಗಾಣದಲ್ಲಿ ಗದ್ದರ್ ಮತ್ತು ಜನನಾಟ್ಯ ಮಂಡಲಿ. ಕಂಬಳಿ, ಗೆಜ್ಜೆ, ಡಪ್ಪು ಇಷ್ಟೇ ಸಾಮಾನು. ಇವರ ಹಾಡುಗಳು ಗಡಿ ದಾಟಲು ರೈಲೂ ಬೇಕಾಗಲಿಲ್ಲ.

ಇವತ್ತಿನ ಸ್ಥಿತಿಗೆ ಬರೋಣ. ನದಿಯ ಈಚೆಗಿನ ರಾಯಚೂರು, ಲಿಂಗಸುಗೂರು, ಸಿಂಧನೂರಿನ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಇನ್ನೂ ಇದೆ. ಊರ ಹುಡುಗರು ಸೇರಿ ಪಟ್ಟಿ ಎತ್ತುತ್ತಾರೆ, ನಾಟಕದ ಮಾಸ್ತರರನ್ನು ಕರೆತರುತ್ತಾರೆ, ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಯುತ್ತದೆ, ಸೀನರಿ ಬಾಡಿಗೆಗೆ ಬರುತ್ತದೆ, ಹೆಣ್ಣು ಪಾತ್ರಕ್ಕೆ ವೃತ್ತಿ ಕಲಾವಿದೆಯರು ಬರುತ್ತಾರೆ. ಟ್ರ್ಯಾಕ್ಟರ್ ಓಡಿಸುವವನು, ಹತ್ತಿ ಬಿಡಿಸುವವನು, ಪಂಚಾಯಿತಿ ಸದಸ್ಯ ಎಲ್ಲರೂ ಒಂದು ರಾತ್ರಿ ನಟರು. ಇದರ ಬಗ್ಗೆ ಪೇಟೆಯ ವಿಮರ್ಶಕರು ಮೂಗು ಮುರಿಯುವುದು ಅನ್ಯಾಯ. ಯಾವ ಸರಕಾರಿ ಅನುದಾನವೂ ಇಲ್ಲದೆ ಇಷ್ಟು ಜನ ತಮ್ಮ ದುಡ್ಡಿನಲ್ಲಿ ಹಾಡು ಕಲಿತು ರಂಗ ಏರುವ ಸೀಮೆಗಳು ಬಹಳ ಇಲ್ಲ.

ಆದರೆ ಪೇಟಿಯ ಜಾಗಕ್ಕೆ ಕೀಬೋರ್ಡು, ತಬಲಾದ ಜಾಗಕ್ಕೆ ರಿದಮ್ ಪ್ಯಾಡು ಬಂದಿವೆ. ಅಷ್ಟಾದರೆ ತಕರಾರಿಲ್ಲ, ಪೇಟಿಯೂ ಒಂದು ಕಾಲಕ್ಕೆ ಪರದೇಶದ್ದೇ. ಕಷ್ಟ ಇರುವುದು ಮೊದಲೇ ಮುದ್ರಿಸಿದ ಟ್ರ್ಯಾಕಿನಲ್ಲಿ. ಹಾಡು ಮೊಬೈಲಿನಿಂದ ಬರುತ್ತದೆ, ನಟ ತುಟಿ ಆಡಿಸುತ್ತಾನೆ, ನಡುವೆ ಸಿನಿಮಾ ಹಾಡಿಗೆ ಕುಣಿತ. ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. ಗಂಟಲು ಸೋತವನ ಮಾನ ಅದು ಕಾಯುವುದಿಲ್ಲ, ಅಳು ಬಂದು ನಿಂತವನಿಗೆ ಇನ್ನೊಂದು ಆವರ್ತ ಕೊಡುವುದಿಲ್ಲ, 'ಒನ್ಸ್‌ಮೋರ್'ಗೆ ಮನಸ್ಸು ಕರಗಿಸಿಕೊಳ್ಳುವುದಿಲ್ಲ. ಮೈಕು, ವಿದ್ಯುತ್ ದೀಪ, ಪರದೆ, ಸಿನಿಮಾ ಧಾಟಿ ಎಲ್ಲವನ್ನೂ ಅರಗಿಸಿಕೊಂಡ ರಂಗಭೂಮಿ ಇದೊಂದನ್ನು ಅರಗಿಸಿಕೊಳ್ಳಲಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉಳಿದ ಹೊಸತುಗಳೆಲ್ಲ ನಟನ ಗಂಟಲಿಗೆ ಏನನ್ನೋ ಕೂಡಿಸಿದವು. ಇದು ಗಂಟಲನ್ನೇ ಬೇಡವೆನ್ನುತ್ತದೆ.

ಗಡಿಯಾಚೆಯ ಕೃಷ್ಣಾ, ಮಕ್ತಲ್, ಗದ್ವಾಲದ ಕನ್ನಡಿಗರಿಗೆ ಇನ್ನೂ ಒಂದು ತೊಡಕು. ಕರ್ನಾಟಕದ ಅಕಾಡೆಮಿಗಳ ಶಿಬಿರ, ರಂಗಾಯಣಗಳ ತಿರುಗಾಟ ಹೆಚ್ಚಾಗಿ ರಾಯಚೂರಿಗೆ ಬಂದು ನಿಲ್ಲುತ್ತವೆ. ತೆಲಂಗಾಣದ ಲೆಕ್ಕದಲ್ಲಿ ಕನ್ನಡ ನಾಟಕ ತನ್ನದಲ್ಲ. ಕನ್ನಡ ಮಾಧ್ಯಮದಲ್ಲಿ ಓದುವ ಅಲ್ಲಿನ ಮಕ್ಕಳಿಗೆ ಪಾಠ ಸಿಗುತ್ತದೆ, ಪದ ಸಿಗುವುದಿಲ್ಲ. ಆದರೆ ಎರಡು ಭಾಷೆಯ ಗಂಟಲು ಆ ಮಕ್ಕಳಿಗೆ ಹುಟ್ಟಿನಿಂದಲೇ ಇದೆ. ಬಳ್ಳಾರಿ ರಾಘವರಿಗೆ ಇದ್ದದ್ದೂ ಅದೇ ಬಂಡವಾಳ.

ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ರಾಯಚೂರು, ಇಳಕಲ್, ಗದುಗಿನಲ್ಲಿ ಇನ್ನೂ ಬದುಕಿರುವ ಪೇಟಿ ಮಾಸ್ತರರನ್ನು ಕೂರಿಸಿ, ಹಳೆಯ ನಾಟಕದ ಪುಸ್ತಕ ತೆರೆದು, ಒಂದೊಂದು ಧಾಟಿಯನ್ನೂ ಬಾರಿಸಿ ಹಾಡಿಸಿ ದಾಖಲು ಮಾಡಬೇಕು. ಆರ್. ಪರಮಶಿವನ್ ಅವರು ಮೈಸೂರು ಕಡೆಯ ಕಂಪನಿ ಹಾಡುಗಳನ್ನು ಹೊಸ ಹುಡುಗರಿಗೆ ಕಲಿಸಿದ್ದರಿಂದಲೇ ಅವು ಇವತ್ತು ಬೆಂಗಳೂರಿನಲ್ಲಿ ಕೇಳುತ್ತವೆ; ಕೃಷ್ಣಾ ಕೊಳ್ಳದ ಹಾಡುಗಳಿಗೆ ಅಂಥ ಪುಣ್ಯ ಬರಬೇಕು. ಎರಡನೆಯದು, ಕೃಷ್ಣಾದ ಶಾಲೆಯೊಂದಕ್ಕೆ ಬೇಸಿಗೆ ರಜೆಯಲ್ಲಿ ಒಬ್ಬ ಪಾರಿಜಾತದ ಕಲಾವಿದೆಯನ್ನೂ ಒಬ್ಬ ಕೂಚಿಪೂಡಿ ಭಾಗವತರನ್ನೂ ಒಟ್ಟಿಗೆ ಕರೆಸಿ, ಸತ್ಯಭಾಮೆಯ ಪ್ರವೇಶವೊಂದನ್ನೇ ಎರಡು ಭಾಷೆಯಲ್ಲಿ ಮಕ್ಕಳಿಗೆ ಕಲಿಸಬೇಕು. ಎರಡು ರಾಜ್ಯಗಳ ಸಂಸ್ಕೃತಿ ಇಲಾಖೆಗಳು ಅರ್ಧರ್ಧ ಖರ್ಚು ಹಾಕಿದರೆ ಆಗುವ ಕೆಲಸ. ಪ್ರದರ್ಶನ ನಾರಾಯಣಪೇಟೆಯಲ್ಲೂ ಆಗಲಿ, ಗದ್ವಾಲದಲ್ಲೂ ಆಗಲಿ, ರಾಯಚೂರಿನಲ್ಲೂ ಆಗಲಿ. ಒಂದೇ ಷರತ್ತು: ಪೇಟಿ ಮಾಸ್ತರು ಎದುರಿಗೆ ಕೂತಿರಬೇಕು, ಹಾಡುವುದು ಮಕ್ಕಳೇ ಆಗಿರಬೇಕು.